ಕೀಲಿಕೈ ಯಾರ ಕೈಯಾಗ?

ದೇವದುರ್ಗ ತಾಲೂಕಿನ ಒಂದು ಹಳ್ಳಿಯ ಕೇರಿಯಲ್ಲಿ, ತಗಡಿನ ಮನೆಯೊಂದರ ಮೂಲೆಯಲ್ಲಿ, ಜೋಳದ ಚೀಲದ ಹಿಂದೆ ಒಂದು ಕಬ್ಬಿಣದ ಟ್ರಂಕು ಇತ್ತು. ಅದು ನಮ್ಮ ಕಾಕಾನ ಟ್ರಂಕು. ಕಾಕಾ ಪ್ರಾಥಮಿಕ ಶಾಲೆಯ ಮಾಸ್ತರು. ಹಗಲು ಊರ ಮಕ್ಕಳಿಗೆ ಅಕ್ಷರ ಕಲಿಸಿ, ರಾತ್ರಿ ಬಗಲಿಗೆ ಚೀಲ ಹಾಕಿಕೊಂಡು ಕೇರಿ ಕೇರಿ ತಿರುಗಿದವರು. 1973ರಲ್ಲಿ ಬೂಸಾ ಗಲಾಟೆ ಎದ್ದಾಗ ಅವರಿನ್ನೂ ಹುಡುಗ. ಅದರ ಬಿಸಿ ನಮ್ಮ ಸೀಮೆಗೆ ಬರುವ ಹೊತ್ತಿಗೆ ದಲಿತ ಸಂಘರ್ಷ ಸಮಿತಿಯ ಕರಪತ್ರ ಹಂಚುವವರಾಗಿದ್ದರು. 1979ರಲ್ಲಿ ಬಂಡಾಯ ಸಾಹಿತ್ಯ ಸಂಘಟನೆ ಹುಟ್ಟಿದ ಮೇಲೆ ಪತ್ರಿಕೆ, ಪುಸ್ತಕ ಹೊತ್ತು ತಿರುಗುವವರಾದರು. ಎರಡು ವರ್ಷದ ಹಿಂದೆ ತೀರಿಕೊಂಡರು. ಹೊಲ ಬಿಡಲಿಲ್ಲ, ಬಂಗಾರ ಬಿಡಲಿಲ್ಲ. ಟ್ರಂಕು ಬಿಟ್ಟರು.

ಟ್ರಂಕು ತೆಗೆದು ನೋಡಿದರೆ ಒಳಗೆ ಸೈಕ್ಲೋಸ್ಟೈಲ್ ಮಾಡಿದ ಕರಪತ್ರಗಳು, ಅಚ್ಚುಮೊಳೆಯಲ್ಲಿ ಮುದ್ರಿಸಿದ ಸಣ್ಣ ಪತ್ರಿಕೆಗಳು, ಸಭೆಯ ನಡಾವಳಿ ಬರೆದ ಉದ್ದನೆ ಹಾಳೆಗಳು. ಅರ್ಧವನ್ನು ನಮಗಿಂತ ಮೊದಲು ಗೆದ್ದಲು ಓದಿ ಮುಗಿಸಿತ್ತು. ಉಳಿದರ್ಧ ಮುಟ್ಟಿದರೆ ಪುಡಿಯಾಗುವಂತಿತ್ತು. ಅದನ್ನು ಉಳಿಸಬೇಕು, ಎಲ್ಲರೂ ಓದುವಂತೆ ಮಾಡಬೇಕು ಅಂತ ಹೊರಟವರು ನಾವು. ಆ ಕೆಲಸಕ್ಕೆ ಹೊರಟ ನಾವು ಒಂದು ಕಪ್ಪು ತೆರೆಯ ಮುಂದೆ ಕೂತು ಹೊಸದಾಗಿ ಅಕ್ಷರ ಕಲಿಯಬೇಕಾಯಿತು. ಆ ಕಥೆಯನ್ನೇ ಇಲ್ಲಿ ಹೇಳುತ್ತಿದ್ದೇವೆ.

ನಾವು ಅಂದರೆ ನಾಲ್ಕು ಮಂದಿ. ರಾಯಚೂರಿನ ಹಾಸ್ಟೆಲ್ಲಿನಲ್ಲಿದ್ದು ಡಿಗ್ರಿ ಓದುವ ಇಬ್ಬರು, ದೇವದುರ್ಗ ತಾಲೂಕಿನಲ್ಲಿ ಅತಿಥಿ ಶಿಕ್ಷಕನಾಗಿರುವ ಒಬ್ಬ, ಮಾನ್ವಿಯಲ್ಲಿ ಲಗ್ನಪತ್ರಿಕೆ ಮಾಡುವ ಡಿಟಿಪಿ ಅಂಗಡಿಯಲ್ಲಿ ಕೂಲಿಗೆ ಕೂತ ಒಬ್ಬ. ಐದನೆಯವಳು ಕಾಕಾನ ಮಗಳು, ನಮ್ಮೆಲ್ಲರ ಅಕ್ಕ, ಅಂಗನವಾಡಿ ಸಹಾಯಕಿ. ಮೊದಲಿಗೆ ಅವಳನ್ನು ನಾವು ಲೆಕ್ಕಕ್ಕೇ ಹಿಡಿದಿರಲಿಲ್ಲ. ಚಹಾ ಕೊಡುವವಳು ಅಂದುಕೊಂಡಿದ್ದೆವು. ಈ ತಪ್ಪನ್ನು ಮುಚ್ಚಿಡದೆ ಮೊದಲೇ ಹೇಳಿಬಿಡುತ್ತೇವೆ.

ರಾಯಚೂರಿನ ಒಂದು ಕಚೇರಿಯವರು ಹಳೆಯ ಯಂತ್ರಗಳನ್ನು ತೆಗೆದುಹಾಕುವಾಗ ಎರಡು ಕಂಪ್ಯೂಟರ್ ನಮಗೆ ಸಿಕ್ಕವು. ಒಂದನ್ನು ಬಸ್ ಸ್ಟ್ಯಾಂಡ್ ಹತ್ತಿರದ ಬಾಡಿಗೆ ಕೋಣೆಯಲ್ಲಿಟ್ಟೆವು, ಇನ್ನೊಂದನ್ನು ಬಸ್ಸಿನ ಮೇಲೆ ಹಾಕಿ ದೇವದುರ್ಗದ ಕಡೆ ಒಯ್ದೆವು. ಲೈಸೆನ್ಸಿನ ಖರ್ಚು ಉಳಿಯಲಿ ಅಂತ ಅವುಗಳಲ್ಲಿ ಲಿನಕ್ಸ್ ಹಾಕಿದ್ದರು. ತೆರೆಯ ಮೇಲೆ ಒತ್ತಲಿಕ್ಕೆ ಚಿತ್ರಗಳಿದ್ದವು, ಬ್ರೌಸರ್ ಇತ್ತು. ಕನ್ನಡ ಟೈಪ್ ಮಾಡುವ ಸಾಧನ ಮಾತ್ರ ಇರಲಿಲ್ಲ. ಹಾಕಿಕೊಳ್ಳೋಣ ಅಂತ ಹೊರಟರೆ ಯಂತ್ರ ಗುಪ್ತಪದ ಕೇಳಿತು. ನಮಗೆ ಕೊಟ್ಟಿದ್ದ ಗುಪ್ತಪದ ಹಾಕಿದೆವು. ಅದು ಇಂಗ್ಲಿಷಿನಲ್ಲಿ ಹೇಳಿದ್ದರ ಅರ್ಥ ಇಷ್ಟು: ‘ಈ ಬಳಕೆದಾರನ ಹೆಸರು ಅಧಿಕಾರವಿದ್ದವರ ಪಟ್ಟಿಯಲ್ಲಿಲ್ಲ. ಈ ಘಟನೆಯನ್ನು ವರದಿ ಮಾಡಲಾಗುವುದು.’

ನಕ್ಕೆವು. ನಕ್ಕರೂ ಒಳಗೆ ಚುರ್ ಅಂದಿತು. ಪಟ್ಟಿಯಲ್ಲಿ ಹೆಸರಿಲ್ಲ, ಕೈ ಹಾಕಿದ್ದಕ್ಕೆ ವರದಿ! ಇದನ್ನು ನಾವು ಎಲ್ಲೋ ಕೇಳಿದ್ದೆವಲ್ಲ? ನಮ್ಮ ಅಪ್ಪಂದಿರು ಕೇಳಿದ್ದರಲ್ಲ? ಆ ವರದಿ ಪೊಲೀಸರಿಗೆ ಹೋಗುವುದಿಲ್ಲ, ಅದೇ ಯಂತ್ರದೊಳಗಿನ ದಾಖಲೆ ಪುಸ್ತಕದಲ್ಲಿ ಒಂದು ಸಾಲು ಬರೆದುಕೊಳ್ಳುತ್ತದೆ ಅಷ್ಟೇ ಅಂತ ನಮಗೆ ಗೊತ್ತಾದದ್ದು ಆಮೇಲೆ.

ಯಂತ್ರ ಸಿದ್ಧಮಾಡಿಕೊಟ್ಟ ಅಂಗಡಿಯವನ ಹತ್ತಿರ ಹೋಗಿ ಕೇಳಿದೆವು.

"ಅಣ್ಣಾರ, ಮೇನ್ ಪಾಸ್‌ವರ್ಡ್ ಹೇಳ್ರಿ."

"ಅದ್ಯಾಕ ಬೇಕು ನಿಮಗ? ಏನರ ಹಾಕಬೇಕಾದ್ರ ನನ್ನ ಕರೀರಿ. ಬಂದು ಹಾಕಿ ಹೋಗ್ತೀನಿ. ಮುನ್ನೂರು ರೂಪಾಯಿ."

"ಮಷಿನ್ ನಮ್ದ ಅಲ್ರಿ?"

"ಮಷಿನ್ ನಿಮ್ದ. ಪಾಸ್‌ವರ್ಡ್ ಕೊಟ್ರ ನೀವು ಕೆಡಿಸಿ ಇಡ್ತೀರಿ."

ಕೆಡಿಸಿ ಇಡ್ತೀರಿ! ಬಾವಿ ನಿಮ್ದೂ ಹೌದು, ಆದರ ಇಳಿದರ ನೀರು ಕೆಡ್ತದ ಅಂದವರ ಮಾತು ಇದೇ ಅಲ್ಲವೇ? ಆ ಮನುಷ್ಯ ಕೆಟ್ಟವನಲ್ಲ. ಅವನ ಹೊಟ್ಟೆಪಾಡು ಅದು. ಆದರೆ ವಿದ್ಯೆ ಒಬ್ಬನ ಕೈಯಲ್ಲಿ ಉಳಿದು ಉಳಿದವರೆಲ್ಲ ಅವನ ಬಾಗಿಲಿಗೆ ಹೋಗಿ ನಿಲ್ಲುವ ಏರ್ಪಾಡು ಹೊಸದೇನೂ ಅಲ್ಲ. ಆ ಏರ್ಪಾಡಿಗೆ ಜನಿವಾರ ಇರಲೇಬೇಕೆಂದೂ ಇಲ್ಲ.

ಆ ರಾತ್ರಿ ಕೋಣೆಯಲ್ಲಿ ಕೂತಾಗ ಅತಿಥಿ ಶಿಕ್ಷಕ ಗೆಳೆಯ ಕಾಕಾ ಹೇಳುತ್ತಿದ್ದ ಮಾತೊಂದನ್ನು ನೆನಪು ಮಾಡಿದ. ಕರಪತ್ರ ಅಚ್ಚು ಹಾಕಿಕೊಡಲಿಕ್ಕೆ ಪ್ರೆಸ್ಸಿನವರು ಹೆದರುತ್ತಿದ್ದ ಕಾಲ ಅದು. ಕಾಕಾ ಮತ್ತವರ ಗೆಳೆಯರು ಮೇಣದ ಸ್ಟೆನ್ಸಿಲ್ ಹಾಳೆಯ ಮೇಲೆ ಲೋಹದ ಮೊನೆಯಿಂದ ತಾವೇ ಅಕ್ಷರ ಕೊರೆದು, ಸೈಕ್ಲೋಸ್ಟೈಲ್ ಯಂತ್ರದ ಉರುಳೆಗೆ ಶಾಯಿ ಸವರಿ, ರಾತ್ರಿಯೆಲ್ಲ ತಿರುವಿ ಕರಪತ್ರ ತೆಗೆಯುತ್ತಿದ್ದರಂತೆ. ಮುಂಜಾನೆ ಸಾಲಿಗೆ ಹೋದಾಗ ಬೆರಳೆಲ್ಲ ಕಪ್ಪು. ಅವರು ಪ್ರೆಸ್ಸಿನವನನ್ನು ಬೈಯುತ್ತಾ ಕೂಡಲಿಲ್ಲ, ಯಂತ್ರ ಕಲಿತರು. ನಾವೂ ಕಲಿಯೋಣ ಅಂದೆವು.

ಮಾನ್ವಿಯ ಗೆಳೆಯ ದಾರಿ ಹುಡುಕಿದ. ಯಂತ್ರದಲ್ಲಿದ್ದದ್ದು ಡೆಬಿಯನ್ ಎಂಬ ಲಿನಕ್ಸ್. ಅದನ್ನು ಯಾರು ಬೇಕಾದರೂ ಪುಕ್ಕಟೆ ಇಳಿಸಿಕೊಳ್ಳಬಹುದು, ಎಷ್ಟು ಯಂತ್ರಕ್ಕೆ ಬೇಕಾದರೂ ಹಾಕಬಹುದು, ಯಾರಿಗೆ ಬೇಕಾದರೂ ಕೊಡಬಹುದು. ಸಣ್ಣ ಪ್ರತಿ ಒಂದು ಜಿಬಿಗಿಂತ ಕಡಿಮೆ. ಅಂಗಡಿ ಮುಚ್ಚಿದ ಮೇಲೆ ಇಳಿಸಿ, ಪೆನ್‌ಡ್ರೈವಿಗೆ ಬರೆದು, ಬೆಳಿಗ್ಗೆಯ ಬಸ್ಸಿಗೆ ರಾಯಚೂರಿಗೆ ತಂದ. ಯಂತ್ರದಲ್ಲಿದ್ದ ನಮ್ಮ ಫೋಟೋ, ಕಾಗದ ಮೊದಲು ಬೇರೆ ಪೆನ್‌ಡ್ರೈವಿಗೆ ತೆಗೆದುಕೊಂಡೆವು. ಯಾಕಂದರೆ ಹೊಸದಾಗಿ ಹಾಕುವಾಗ ಹಳೆಯದೆಲ್ಲ ಅಳಿಸುತ್ತದೆ. ಮೊಬೈಲಿನ ಡೇಟಾವನ್ನೇ ತಂತಿ ಹಾಕಿ ಯಂತ್ರಕ್ಕೆ ಕೊಟ್ಟೆವು. ನಡುವೆ ಒಂದು ಕಡೆ ‘ರೂಟ್’ನ ಗುಪ್ತಪದ ಏನಿರಲಿ ಅಂತ ಕೇಳುತ್ತದೆ. ಅಲ್ಲಿ ಏನೂ ಬರೆಯದೆ ಮುಂದೆ ಹೋದರೆ, ಆಮೇಲೆ ಹೆಸರು ಕೊಟ್ಟ ಬಳಕೆದಾರನಿಗೇ ಎಲ್ಲ ಅಧಿಕಾರ ಸಿಗುತ್ತದೆ. ಹಾಗೇ ಮಾಡಿದೆವು. ಮಧ್ಯಾಹ್ನದ ಹೊತ್ತಿಗೆ ಯಂತ್ರ ನಮ್ಮದಾಯಿತು. ಅದಕ್ಕೆ ಮೊದಲು ಅದು ನಮ್ಮ ಕೋಣೆಯಲ್ಲಿ ಇತ್ತು ಅಷ್ಟೇ.

ಇದನ್ನು ಪುಕ್ಕಟೆ ಯಾಕೆ ಕೊಡುತ್ತಾರೆ, ಇದರ ಹಿಂದೆ ಯಾವ ಸಾಹುಕಾರ ಇದ್ದಾನೆ ಅಂತ ನಾವೂ ಅನುಮಾನಪಟ್ಟೆವು. ಓದಿ ತಿಳಿದುಕೊಂಡದ್ದು ಇದು. ಅಮೆರಿಕದ ಎಂಐಟಿಯಲ್ಲಿ ರಿಚರ್ಡ್ ಸ್ಟಾಲ್‌ಮನ್ ಎಂಬವನಿದ್ದ. ಅವನ ಪ್ರಯೋಗಾಲಯಕ್ಕೆ ಬಂದ ಹೊಸ ಪ್ರಿಂಟರಿನಲ್ಲಿ ಕಾಗದ ಸಿಕ್ಕಿಕೊಳ್ಳುತ್ತಿತ್ತು. ಸರಿಮಾಡಿಕೊಳ್ಳುತ್ತೇನೆ, ಪ್ರೋಗ್ರಾಮಿನ ಮೂಲ ಬರಹ ಕೊಡಿ ಅಂದರೆ, ಅದು ಇದ್ದವರು ಕೊಡಲಿಲ್ಲ. ಹಂಚಿಕೊಳ್ಳಬಾರದು ಅನ್ನುವ ಕರಾರಿಗೆ ಅವರು ಒಪ್ಪಿಕೊಂಡಿದ್ದರು. ಆ ಸಿಟ್ಟು ಮನಸ್ಸಿನಲ್ಲಿತ್ತು. 1983ರಲ್ಲಿ ಅವನು ಗ್ನು ಎಂಬ ಯೋಜನೆ ಸಾರಿದ: ಯಾರು ಬೇಕಾದರೂ ನಡೆಸಬಹುದಾದ, ಒಳಗೆ ಏನಿದೆ ಅಂತ ಓದಬಹುದಾದ, ತಿದ್ದಬಹುದಾದ, ಹಂಚಬಹುದಾದ ತಂತ್ರಾಂಶ. 1991ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿಯಲ್ಲಿ 21 ವರ್ಷದ ವಿದ್ಯಾರ್ಥಿ ಲಿನಸ್ ಟೊರ್ವಾಲ್ಡ್ಸ್ ಲಿನಕ್ಸಿನ ತಿರುಳು ಬರೆದು ಹೊರಗೆ ಬಿಟ್ಟ. ಎರಡೂ ಕೂಡಿದವು. 1993ರಲ್ಲಿ ಇಯಾನ್ ಮರ್ಡಾಕ್ ಡೆಬಿಯನ್ ಶುರುಮಾಡಿದ. ಅಂದಿನಿಂದ ಲೋಕದ ಬೇರೆ ಬೇರೆ ದೇಶದ ಸ್ವಯಂಸೇವಕರು ಅದನ್ನು ನಡೆಸಿಕೊಂಡು ಬಂದಿದ್ದಾರೆ. ಪ್ರಿಂಟರಿನ ಮೇಲಿನ ಒಂದು ಸಿಟ್ಟು ಎಲ್ಲಿಂದ ಎಲ್ಲಿಗೆ ಬಂತು ನೋಡಿರಿ. ಕಾಕಾ ಇದ್ದಿದ್ದರೆ ಈ ಕಥೆ ಕೇಳಿ ತೊಡೆ ತಟ್ಟಿಕೊಂಡು ನಗುತ್ತಿದ್ದರು.

ಈಗ ಕಲಿಕೆಯ ಮಾತು. ಕಂಟ್ರೋಲ್, ಆಲ್ಟ್, ಟಿ ಮೂರನ್ನೂ ಒಟ್ಟಿಗೆ ಒತ್ತಿದರೆ ನಮ್ಮ ಯಂತ್ರದಲ್ಲಿ ಒಂದು ಕಪ್ಪು ಕಿಟಕಿ ತೆರೆಯುತ್ತದೆ. ಅದಕ್ಕೆ ಟರ್ಮಿನಲ್ ಅನ್ನುತ್ತಾರೆ. ಅಲ್ಲಿ ಚಿತ್ರ ಇಲ್ಲ, ಬಣ್ಣ ಇಲ್ಲ, ಒಂದು ಗೆರೆ ಮಿಣುಕುತ್ತಾ ಕಾಯುತ್ತದೆ. ಮಾತು ಬರೆದು ಎಂಟರ್ ಒತ್ತಬೇಕು. ಮಾತುಗಳೆಲ್ಲ ಇಂಗ್ಲಿಷಿನ ಸಣ್ಣಕ್ಷರದಲ್ಲಿ. ಇಲ್ಲಿ ನಾವು ಬಾಯಲ್ಲಿ ಹೇಳಿಕೊಟ್ಟಂತೆ ಕನ್ನಡದಲ್ಲಿ ಬರೆಯುತ್ತಿದ್ದೇವೆ.

‘ಪಿ ಡಬ್ಲ್ಯೂ ಡಿ’ ಅಂದರೆ ನೀನು ಈಗ ಎಲ್ಲಿ ನಿಂತಿದ್ದಿ ಅಂತ ಹೇಳುತ್ತದೆ. ‘ಎಲ್ ಎಸ್’ ಅಂದರೆ ಇಲ್ಲಿ ಏನೇನಿದೆ ಅಂತ ತೋರಿಸುತ್ತದೆ. ‘ಸಿ ಡಿ’ ಬರೆದು, ಮುಂದೆ ಕಡತಕೋಶದ ಹೆಸರು ಬರೆದರೆ ಅಲ್ಲಿಗೆ ಹೋಗುತ್ತದೆ. ‘ಎಂ ಕೆ ಡಿ ಐ ಆರ್’ ಹೊಸ ಕೋಶ ಮಾಡುತ್ತದೆ. ಮೊದಲು ಈ ನಾಲ್ಕೇ ಮಾತು ಕಲಿತೆವು. ಎಲ್ಲಿದ್ದೇವೆ, ಸುತ್ತ ಏನಿದೆ, ಎಲ್ಲಿಗೆ ಹೋಗಬೇಕು, ಹೊಸದಾಗಿ ಏನು ಕಟ್ಟಬೇಕು. ಚಳವಳಿಯ ಮೊದಲ ಪಾಠವೂ ಇಷ್ಟೇ ಅಲ್ಲವೇ ಅಂತ ಅತಿಥಿ ಶಿಕ್ಷಕ ಅಂದ. ಅವನಿಗೆ ಎಲ್ಲದರಲ್ಲೂ ಭಾಷಣ ಕಾಣುತ್ತದೆ.

ದೇವದುರ್ಗದ ಕಡೆಯ ಯಂತ್ರ ಅಕ್ಕನ ಮನೆಯಲ್ಲಿತ್ತು. ಒಂದು ದಿನ ಶಿಕ್ಷಕ ಇಲ್ಲದಾಗ ಅಕ್ಕನೇ ಫೋನ್ ಮಾಡಿದಳು. "ನಾ ಕುಂತೀನಿ, ನೀವು ಹೇಳ್ರಿ, ನಾ ಹೊಡಿತೀನಿ" ಅಂದಳು. ಮಾನ್ವಿಯಿಂದ ಗೆಳೆಯ ಹೇಳತೊಡಗಿದ.

"ಎಸ್, ಯು, ಡಿ, ಓ. ಹೊಡದ್ಯೇನಕ್ಕಾ? ಈಗ ಜಾಗ ಬಿಡು."

ಆ ಕಡೆ ಮಾತಿಲ್ಲ.

"ಅಕ್ಕಾ, ಜಾಗ ಬಿಡು."

"ಯಾಕ ಬಿಡಬೇಕೋ ಜಾಗ? ನನ್ನ ಮನಿಯಾಗ ನಾ ಕುಂತೀನಿ!"

ಗೆಳೆಯ ಕಕ್ಕಾಬಿಕ್ಕಿಯಾದ. ಎರಡು ಪದದ ನಡುವೆ ಖಾಲಿ ಜಾಗ ಬಿಡುವ ಉದ್ದನೆ ಕೀಲಿ ಒತ್ತು ಅಂತ ಅವನ ಅರ್ಥ. ಬಾವಿಕಟ್ಟೆಯಲ್ಲಿ, ಬಸ್ಸಿನಲ್ಲಿ, ಹೋಟೆಲಿನ ಬೆಂಚಿನ ಮೇಲೆ ಆ ಮಾತನ್ನೇ ಕೇಳುತ್ತಾ ಬೆಳೆದವಳಿಗೆ ಬೇರೆ ಅರ್ಥ. ಆಮೇಲೆ ಇಬ್ಬರೂ ನಕ್ಕರು. ಅವತ್ತಿನಿಂದ ನಾವು ಜಾಗ ಬಿಡು ಅನ್ನುವುದು ಬಿಟ್ಟು, ‘ಸಂದು ಕೊಡು’ ಅನ್ನುತ್ತೇವೆ. ಕಲಿಸುವವರು ತಮ್ಮ ಮಾತು ಕೇಳುವವರ ಎದೆಯಲ್ಲಿ ಎಲ್ಲಿ ತಾಗುತ್ತದೆ ಅಂತ ನೋಡಬೇಕು. ಇದು ಲಿನಕ್ಸಿನ ಯಾವ ಪುಸ್ತಕದಲ್ಲೂ ಇಲ್ಲ.

ಆ ಸಂದು ಬಹಳ ದೊಡ್ಡದು. ‘ಸುಡೊ ಆಪ್ಟ್ ಇನ್‌ಸ್ಟಾಲ್’ ಅನ್ನುವುದು ಮೂರು ಮಾತು. ಸುಡೊ ಅಂದರೆ ಅಧಿಕಾರದಿಂದ ಮಾಡು. ಆಪ್ಟ್ ಅಂದರೆ ತಂತ್ರಾಂಶ ತಂದು ಹಾಕುವ ಆಳು. ಇನ್‌ಸ್ಟಾಲ್ ಅಂದರೆ ಹಾಕು. ಮುಂದೆ ಬೇಕಾದ ತಂತ್ರಾಂಶದ ಹೆಸರು. ಸಂದು ಕೊಡದೆ ಕೂಡಿಸಿ ಬರೆದರೆ ‘ಅಂಥ ಆಜ್ಞೆ ಇಲ್ಲ’ ಅನ್ನುತ್ತದೆ. ದೊಡ್ಡಕ್ಷರ ಹೊಡೆದರೂ ಅದೇ ಉತ್ತರ. ಸುಡೊ ಹಾಕಿದ ಮೇಲೆ ಗುಪ್ತಪದ ಕೇಳುತ್ತದೆ. ಬರೆಯುವಾಗ ತೆರೆಯ ಮೇಲೆ ಏನೂ ಕಾಣುವುದಿಲ್ಲ, ಒಂದು ಚುಕ್ಕೆ ಸಹ. ಕೀಲಿಮಣೆ ಕೆಟ್ಟಿದೆ ಅಂತ ನಾವು ಅರ್ಧ ಗಂಟೆ ಅದನ್ನು ತಿರುವಿ ಹಾಕಿ ಕೊಡವಿದೆವು. ಕೆಟ್ಟಿರಲಿಲ್ಲ. ಪಕ್ಕದವರಿಗೆ ಎಷ್ಟು ಅಕ್ಷರ ಅಂತಲೂ ಗೊತ್ತಾಗಬಾರದು ಅಂತ ಹಾಗೆ ಮಾಡಿದ್ದಾರೆ. ಕಾಣದಿದ್ದರೂ ಬರೆದು ಎಂಟರ್ ಒತ್ತಬೇಕು.

ಸುಡೊ ಮರೆತು ಬರೀ ಆಪ್ಟ್ ಇನ್‌ಸ್ಟಾಲ್ ಅಂದರೆ ಯಂತ್ರ ಬೀಗ ತೆಗೆಯಲಾಗಲಿಲ್ಲ ಅಂತ ಹೇಳಿ ಕೊನೆಗೆ ಕೇಳುತ್ತದೆ: "ಆರ್ ಯು ರೂಟ್?" ರೂಟ್ ಅಂದರೆ ಆ ಯಂತ್ರದ ಸರ್ವಾಧಿಕಾರಿ. ಪದದ ಅರ್ಥ ಬೇರು. ನೀನು ಬೇರು ಹೌದೇನು ಅಂತ ಕೇಳುತ್ತದೆ ಯಂತ್ರ. ಅಕ್ಕ ಅದನ್ನು ಓದಿ, ಅರ್ಥ ಕೇಳಿ ತಿಳಿದುಕೊಂಡು ಅಂದಳು: "ಇಷ್ಟು ದಿನ ಎಲ್ಲಾರೂ ನೀವು ಬೇರೆ, ನೀವು ಬೇರೆ ಅಂದ್ರು. ಇದೊಂದು ನೀ ಬೇರೇನು ಅಂತ ಕೇಳ್ತದ ನೋಡ್ರಿ."

ಇನ್ನೊಂದು ತಪ್ಪು ನಾವು ಪದೇ ಪದೇ ಮಾಡಿದ್ದು. ‘ಸುಡೊ ಆಪ್ಟ್ ಅಪ್‌ಡೇಟ್’ ಅಂತ ಮೊದಲು ಹೇಳಬೇಕು. ಅದು ಹೊಸದೇನೂ ಹಾಕುವುದಿಲ್ಲ. ಸಂತೆಯಲ್ಲಿ ಏನೇನು ಬಂದಿದೆ ಅಂತ ಪಟ್ಟಿ ತರುತ್ತದೆ. ಪಟ್ಟಿ ಹಳೆಯದಿದ್ದರೆ ಕೇಳಿದ ಸರಕು ಸಿಗಲಿಲ್ಲ ಅನ್ನುತ್ತದೆ. ಡೆಬಿಯನ್ನಿನ ಉಗ್ರಾಣದಲ್ಲಿ 60,000ಕ್ಕೂ ಹೆಚ್ಚು ಕಟ್ಟುಗಳಿವೆ. ಒಂದು ಕೇಳಿದರೆ ಅದಕ್ಕೆ ಬೇಕಾದ ಇನ್ನಷ್ಟನ್ನು ಆಪ್ಟ್ ತಾನೇ ಲೆಕ್ಕಹಾಕಿ, ಇಷ್ಟು ತರುತ್ತೇನೆ, ಡಿಸ್ಕಿನಲ್ಲಿ ಇಷ್ಟು ಜಾಗ ಹಿಡಿಯುತ್ತದೆ, ಆಗಬಹುದೇ ಅಂತ ಕೇಳುತ್ತದೆ. ‘ವೈ’ ಒತ್ತಿದರೆ ತರುತ್ತದೆ. ತರುವಾಗ ಉಗ್ರಾಣದ ಸಹಿ ಸರಿಯಿದೆಯೇ ಅಂತ ತಾಳೆ ನೋಡುತ್ತದೆ. ಕಂಡ ಕಂಡ ಕಡೆಯಿಂದ ಪ್ರೋಗ್ರಾಂ ಇಳಿಸಿ ವೈರಸ್ ಹತ್ತಿಸಿಕೊಳ್ಳುವುದಕ್ಕಿಂತ ಇದು ಎಷ್ಟೋ ಭದ್ರ.

ಮೊದಲು ಹಾಕಿದ್ದು ಕನ್ನಡದ ಅಕ್ಷರ ವಿನ್ಯಾಸಗಳು. ಅವುಗಳ ಹೆಸರು ಗುಬ್ಬಿ, ನವಿಲು. ಆಮೇಲೆ ಐಬಸ್ ಎಂ17ಎನ್. ಅದರಲ್ಲಿ ಕಗಪ ಕೀಲಿಮಣೆ ಸಿಗುತ್ತದೆ, ಕೆ. ಪಿ. ರಾವ್ ಅವರ ವಿನ್ಯಾಸದಿಂದ ಬಂದದ್ದು. ಮಾನ್ವಿಯ ಗೆಳೆಯನಿಗೆ ಅಂಗಡಿಯಲ್ಲಿ ಅದೇ ರೂಢಿ ಇತ್ತು. ಆದರೆ ಅಂಗಡಿಯ ಹಳೆಯ ಕಡತಗಳನ್ನು ಇಲ್ಲಿ ತೆರೆದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರಗಳ ಕಸ ಕಂಡಿತು. ಹಳೆಯ ಪದ್ಧತಿಯಲ್ಲಿ ಇಂಗ್ಲಿಷ್ ಅಕ್ಷರದ ಸಂಖ್ಯೆಗೇ ಕನ್ನಡದ ಚಿತ್ರ ತೊಡಿಸುತ್ತಿದ್ದರು. ಆ ಫಾಂಟ್ ಇಲ್ಲದಿದ್ದರೆ ಕನ್ನಡವೂ ಇಲ್ಲ. ಯೂನಿಕೋಡಿನಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ ಅದರದ್ದೇ ಸಂಖ್ಯೆ ಇದೆ. ಕಾಕಾನ ಕಾಗದವನ್ನೆಲ್ಲ ಯೂನಿಕೋಡಿನಲ್ಲೇ ಇಡಬೇಕು ಅಂತ ಅವತ್ತು ನಿಶ್ಚಯಮಾಡಿದೆವು. ನಾಳೆ ಯಾರೋ ಒಂದು ಫಾಂಟ್ ಬಿಟ್ಟರು ಅಂತ ನಮ್ಮ ಚರಿತ್ರೆ ಕಸವಾಗಬಾರದು.

ನಮಗೆ ಮುಖ್ಯವಾಗಿ ಬೇಕಿದ್ದದ್ದು ಟೆಸರ‍್ಯಾಕ್ಟ್. ಅಚ್ಚಾದ ಪುಟದ ಫೋಟೋ ಕೊಟ್ಟರೆ ಅದು ಅಕ್ಷರಗಳನ್ನು ಗುರುತಿಸಿ ಬರಹ ಮಾಡಿಕೊಡುತ್ತದೆ. ಎಚ್‌ಪಿ ಕಂಪನಿಯಲ್ಲಿ 1985ರಿಂದ 1994ರವರೆಗೆ ಬೆಳೆದದ್ದು, 2005ರಲ್ಲಿ ಎಲ್ಲರಿಗೂ ತೆರೆದರು, ಮುಂದೆ ಗೂಗಲ್ ಅದನ್ನು ಬೆಳೆಸಿತು. ಕನ್ನಡದ ಕಟ್ಟು ಬೇರೆಯಾಗಿ ಹಾಕಬೇಕು: ‘ಟೆಸರ‍್ಯಾಕ್ಟ್ ಹೈಫನ್ ಓಸಿಆರ್ ಹೈಫನ್ ಕೆ ಎ ಎನ್’. ಅದನ್ನು ದೇವದುರ್ಗದ ಯಂತ್ರದಲ್ಲಿ ಹಾಕುತ್ತಿದ್ದಾಗ, ಅರ್ಧಕ್ಕೆ, ಕರೆಂಟ್ ಹೋಯಿತು.

ನಮ್ಮ ಜಿಲ್ಲೆಯ ಶಕ್ತಿನಗರದಲ್ಲಿ 1985ರಿಂದ ಕಲ್ಲಿದ್ದಲು ಸುಟ್ಟು ನಾಡಿಗೆಲ್ಲ ಬೆಳಕು ಕೊಡುತ್ತಿದ್ದಾರೆ. ಬೂದಿ ನಮಗೆ, ಬೆಳಕು ಬೆಂಗಳೂರಿಗೆ ಅನ್ನುವುದು ಇಲ್ಲಿಯ ಹಳೇ ಮಾತು. ಕರೆಂಟ್ ಬಂದ ಮೇಲೆ ಯಂತ್ರ ಏನು ಹೇಳಿದರೂ ಕೇಳಲಿಲ್ಲ. ಅಂಗಡಿಯವ ಹೇಳಿದ್ದ ಮಾತು ನೆನಪಾಯಿತು: ಕೆಡಿಸಿ ಇಡ್ತೀರಿ. ಅವನನ್ನು ಕರೆಯೋಣವೇ ಅಂತ ಶಿಕ್ಷಕ ಗೆಳೆಯ ಮೆತ್ತಗೆ ಕೇಳಿದ. ಆಗ ಅಕ್ಕ, "ತಡಿಯೋ, ಅದೇನೋ ಬರದದಲ್ಲ, ಓದು ಮೊದ್ಲು" ಅಂದಳು. ಓದಿದೆವು. ಅಲ್ಲಿ ಸ್ಪಷ್ಟವಾಗಿ ಬರೆದಿತ್ತು: ಕೆಲಸ ಅರ್ಧಕ್ಕೆ ನಿಂತಿದೆ, ಸರಿಮಾಡಲಿಕ್ಕೆ ‘ಸುಡೊ ಡಿಪಿಕೆಜಿ’ ಅಂದು, ಸಂದು ಕೊಟ್ಟು, ಎರಡು ಹೈಫನ್ ಹಾಕಿ ‘ಕಾನ್ಫಿಗರ್’ ಅಂದು, ಮತ್ತೆ ಸಂದು ಕೊಟ್ಟು, ಹೈಫನ್ ‘ಎ’ ಅನ್ನಿ. ಹಾಗೇ ಅಂದೆವು. ಸರಿಹೋಯಿತು.

ಕಲಿತದ್ದರಲ್ಲಿ ಇದು ಎಲ್ಲಕ್ಕಿಂತ ದೊಡ್ಡದು. ತಪ್ಪಾದಾಗ ಯಂತ್ರ ಬೈಯುವುದಿಲ್ಲ, ಎಲ್ಲಿ ತಪ್ಪಾಯಿತು ಅಂತ ಹೇಳುತ್ತದೆ. ನಾವು ಕೆಂಪು ಶಾಯಿ ಕಂಡರೆ ಕಣ್ಣು ಮುಚ್ಚಿಕೊಳ್ಳುವಂತೆ ಬೆಳೆದವರು. ಸಾಲಿಯಲ್ಲಿ ತಪ್ಪಿಗೆ ಸಿಕ್ಕದ್ದು ಏಟು, ಜೊತೆಗೆ ಜಾತಿಯ ಹೆಸರಿನ ಒಂದು ಮಾತು. ತಪ್ಪನ್ನು ಓದಬಹುದು, ಓದಿದರೆ ಅದರಲ್ಲೇ ದಾರಿ ಇರಬಹುದು ಅಂತ ನಮಗೆ ಯಾರೂ ಹೇಳಿರಲಿಲ್ಲ. ಹಳ್ಳಿಯ ಮಾಸ್ತರುಗಳಿಗೆ ನಮ್ಮ ಕೋರಿಕೆ ಇದೊಂದೇ: ಹುಡುಗರಿಗೆ ಆಜ್ಞೆ ಬಾಯಿಪಾಠ ಮಾಡಿಸಬೇಡಿರಿ, ತಪ್ಪಿನ ಸಾಲು ಓದುವುದನ್ನು ಕಲಿಸಿರಿ.

ಎಲ್ಲ ತಪ್ಪನ್ನೂ ತಿದ್ದಬಹುದು ಅಂತ ಮಾತ್ರ ತಿಳಿಯಬೇಡಿರಿ. ನಮ್ಮ ಕೈಯಿಂದ ಒಂದು ತಿದ್ದಲಾರದ ತಪ್ಪಾಯಿತು. ಟ್ರಂಕಿನ 40 ಹಾಳೆಗಳ ಫೋಟೋ ತೆಗೆದು ಯಂತ್ರಕ್ಕೆ ಹಾಕಿದ್ದೆವು. ಮಸುಕಾಗಿ ಬಂದವುಗಳ ಹೆಸರು ‘ಮಸುಕು’ ಅಂತ ಶುರುವಾಗುವಂತೆ ಇಟ್ಟಿದ್ದೆವು. ಅವನ್ನು ಅಳಿಸಲಿಕ್ಕೆ ‘ಆರ್ ಎಂ’ ಅಂದು, ‘ಮಸುಕು’ ಬರೆದು, ಅದಕ್ಕೆ ಅಂಟಿಸಿ ನಕ್ಷತ್ರದ ಗುರುತು ಹಾಕಬೇಕಿತ್ತು. ನಮ್ಮ ಹಾಸ್ಟೆಲ್ ಗೆಳೆಯ ನಡುವೆ ಸಂದು ಕೊಟ್ಟುಬಿಟ್ಟ. ನಕ್ಷತ್ರ ಒಂಟಿಯಾಗಿ ನಿಂತರೆ ‘ಇಲ್ಲಿರುವುದೆಲ್ಲ’ ಅಂತ ಅರ್ಥ. ಎಂಟರ್ ಒತ್ತಿದ. ಕೋಶ ಖಾಲಿ. ಆರ್ ಎಂ ಅಳಿಸಿದ್ದು ಕಸದ ಬುಟ್ಟಿಗೆ ಹೋಗುವುದಿಲ್ಲ, ಕೇಳುವುದೂ ಇಲ್ಲ. ಮೊಬೈಲಿನಲ್ಲಿ ಜಾಗ ಸಾಲದೆ ಅವತ್ತೇ ಬೆಳಿಗ್ಗೆ ಅಲ್ಲಿಯ ಫೋಟೋ ತೆಗೆದುಹಾಕಿದ್ದೆವು. ಬೇರೆ ಪ್ರತಿ ಇಟ್ಟಿರಲಿಲ್ಲ.

ಮತ್ತೆ ಟ್ರಂಕಿನ ಮುಂದೆ ಕೂತೆವು. 38 ಹಾಳೆ ಸಿಕ್ಕವು. ಎರಡು ಹಾಳೆ ಮೊದಲ ಸಲ ಬಿಡಿಸಿದಾಗಲೇ ಮಡಿಕೆಯಲ್ಲಿ ಒಡೆದಿದ್ದವು. ಈಗ ಮುಟ್ಟಿದರೆ ಬೆರಳಿಗೆ ಬರೀ ಹುಡಿ. ಅವು ಊರ ಬಾವಿಗೆ ಇಳಿದ ದಿನದ ಬಗ್ಗೆ ಕಾಕಾ ಬರೆದಿಟ್ಟಿದ್ದ ಹಾಳೆಗಳು, ಅವರ ಜೊತೆ ಇಳಿದವರ ಹೆಸರಿನ ಪಟ್ಟಿ. ನಾವು ತಲೆ ಕೆಳಗೆ ಹಾಕಿ ಕೂತೆವು. ಒಲೆಯ ಮುಂದಿದ್ದ ಚಿಗವ್ವ ಕೇಳಿದಳು, "ಯಾಕ ಅಳ್ತೀರಿ? ಏನು ಬರದಿತ್ತು ಅದರಾಗ?"

"ಬಾವಿಗೆ ಇಳದವರ ಹೆಸರು, ಚಿಗವ್ವ."

"ಅಷ್ಟs ಅಲ್ಲೇನು? ನಾ ಹೇಳ್ತೀನಿ, ಬರಕೋರಿ."

ಹಾಸ್ಟೆಲ್ ಹುಡುಗ ಕೀಲಿಮಣೆಯ ಮುಂದೆ ಕೂರಲಿಲ್ಲ. ಅವನ ಕೈ ನಡುಗುತ್ತಿತ್ತು. ಅಕ್ಕ ಕೂತಳು. ಚಿಗವ್ವ ಒಂದೊಂದೇ ಹೆಸರು ಹೇಳಿದಳು, ಯಾರ ಮಗ, ಯಾವ ಮನೆ, ಆಮೇಲೆ ಯಾರು ಗುಳೆ ಹೋದರು, ಯಾರು ಅಲ್ಲೇ ಸತ್ತರು. ಹನ್ನೊಂದು ಹೆಸರು ಆದಮೇಲೆ ನಾವು ಸಾಕು, ಪಟ್ಟಿಯಲ್ಲಿ ಇದ್ದದ್ದು ಅಷ್ಟೇ ಅಂದೆವು. ಚಿಗವ್ವ ನಮ್ಮನ್ನು ನೋಡಿದಳು.

"ಅದು ನಿಮ್ಮ ಕಾಕಾ ಬರದ ಪಟ್ಟಿ. ಅದರಾಗ ಹೆಂಗಸರು ಇರಲಿಲ್ಲ. ಕೊಡ ಯಾರು ಹೊತ್ತಿದ್ರು ಅಂತ ಮಾಡೀರಿ?"

ಮತ್ತೆ ಏಳು ಹೆಸರು ಹೇಳಿದಳು. ಕೊನೆಯದು ಅವಳದೇ. ಅಕ್ಕ ಬರೆದಳು. ಕಳೆದುಹೋದ ಹಾಳೆಯಲ್ಲಿ ಇಲ್ಲದ್ದು ಹೊಸ ಕಡತದಲ್ಲಿ ಇದೆ. ನಮ್ಮ ತಪ್ಪು ಇದರಿಂದ ಸಣ್ಣದಾಗುವುದಿಲ್ಲ. ಕಾಕಾನ ಕೈಬರಹ ಹೋಯಿತು, ಹೋದದ್ದು ಹೋಯಿತು. ಈಗ ನಾವು ಪ್ರತಿಯೊಂದನ್ನೂ ಮೂರು ಕಡೆ ಇಡುತ್ತೇವೆ, ರಾಯಚೂರು, ದೇವದುರ್ಗ, ಮಾನ್ವಿ. ಆರ್ ಎಂ ಜೊತೆ ‘ಹೈಫನ್ ಐ’ ಸೇರಿಸುತ್ತೇವೆ. ಆಗ ಅದು ಒಂದೊಂದನ್ನೂ ಅಳಿಸಲೇ ಅಂತ ಕೇಳುತ್ತದೆ. ಅರ್ಥವಾಗದ ಆಜ್ಞೆಯನ್ನು ಎಲ್ಲಿಂದಲೋ ಎತ್ತಿ ಅಂಟಿಸುವುದಿಲ್ಲ. ‘ಮ್ಯಾನ್’ ಅಂತ ಬರೆದು ಆಜ್ಞೆಯ ಹೆಸರು ಕೊಟ್ಟರೆ ಅದರ ಕೈಪಿಡಿಯೇ ತೆರೆಯುತ್ತದೆ, ಓದಿ ಆಮೇಲೆ ಒತ್ತುತ್ತೇವೆ.

ಟೆಸರ‍್ಯಾಕ್ಟ್ ಏನು ಮಾಡಿತು ಅಂತ ಕೇಳುತ್ತೀರಿ. ಅಚ್ಚಿನ ಪುಟಗಳನ್ನು ಬಹುಮಟ್ಟಿಗೆ ಓದಿತು. ಒತ್ತಕ್ಷರದಲ್ಲಿ ಎಡವಿತು, ಮೊಳೆ ಸವೆದ ಕಡೆ ಏನೇನೋ ಬರೆಯಿತು. ಸಾಲು ಸಾಲು ಹಿಡಿದು ತಿದ್ದಿದೆವು. ಸೈಕ್ಲೋಸ್ಟೈಲಿನ ಕೈಬರಹವನ್ನು ಅದು ಓದಲೇ ಇಲ್ಲ. ಅಚ್ಚಿನ ಅಕ್ಷರ ಕಲಿತದ್ದು ಕಾಕಾನ ಕೈ ಹೇಗೆ ಓದೀತು? ಅವನ್ನು ಅಕ್ಕ ಕಗಪ ಕಲಿತು ಕೈಯಿಂದಲೇ ಟೈಪ್ ಮಾಡುತ್ತಿದ್ದಾಳೆ. 2023ರ ಜೂನ್‌ನಿಂದ ಹೆಂಗಸರಿಗೆ ಸರಕಾರಿ ಬಸ್ಸು ಪುಕ್ಕಟೆಯಾದ ಮೇಲೆ ಭಾನುವಾರ ಸಿರವಾರದ ಮೇಲೆ ಮಾನ್ವಿಗೂ ಬಂದು ಕಲಿತು ಹೋಗುತ್ತಾಳೆ.

ಈ ಲಿನಕ್ಸಿನಿಂದ ಜಾತಿ ಹೋಗುತ್ತದೆ, ಹಸಿವು ಹೋಗುತ್ತದೆ ಅಂತ ನಾವು ಹೇಳುವುದಿಲ್ಲ. ಆಜ್ಞೆಗಳೆಲ್ಲ ಇಂಗ್ಲಿಷಿನಲ್ಲೇ ಇವೆ. ಕೂತು ಕಲಿಯಲಿಕ್ಕೆ ಯಂತ್ರ ಬೇಕು, ಕರೆಂಟ್ ಬೇಕು, ಕೂಲಿ ತಪ್ಪಿಸುವ ಧೈರ್ಯ ಬೇಕು. ಸ್ವಾತಂತ್ರ್ಯದ ಮಾತಾಡುವ ತಂತ್ರಾಂಶದ ಸಭೆಗಳಲ್ಲೂ ನಮ್ಮ ಕೇರಿಯವರು ಎಷ್ಟು ಮಂದಿ ಇದ್ದಾರೆ ಅಂತ ಎಣಿಸಿ ನೋಡಬೇಕು. ಆದರೂ ದಾರಿ ಇಲ್ಲದ್ದೇನಲ್ಲ. ಬೆಂಗಳೂರಿನ ಗೊಟ್ಟಿಗೆರೆ ಬಳಿಯ ಸುದರ್ಶನ ಲೇಔಟಿನ ಕೊಳೆಗೇರಿಯಲ್ಲಿ ಅಂಬೇಡ್ಕರ್ ಹೆಸರಿನ ಕಂಪ್ಯೂಟರ್ ಕೇಂದ್ರವೊಂದು ಹುಟ್ಟಿ, ಕೂಲಿಕಾರರ ಮಕ್ಕಳು ಸ್ವತಂತ್ರ ತಂತ್ರಾಂಶದ ಕಾರ್ಯಕರ್ತರ ಜೊತೆ ಕೂತು ಲಿನಕ್ಸ್ ಕಲಿತರು, ಗಿಂಪ್ ಎಂಬ ತಂತ್ರಾಂಶದಲ್ಲಿ ಚಿತ್ರ ಬರೆದರು. ಅಲ್ಲಿ ಆದದ್ದು ದೇವದುರ್ಗದಲ್ಲಿ ಯಾಕೆ ಆಗಬಾರದು?

‘ಎಲ್ ಎಸ್’ ಅಂದು ಸಂದು ಕೊಟ್ಟು ‘ಹೈಫನ್ ಎಲ್’ ಅಂದರೆ ಪ್ರತಿ ಕಡತದ ಮುಂದೆ ಮೂರು ಹಕ್ಕುಗಳು ಕಾಣುತ್ತವೆ: ಓದುವ ಹಕ್ಕು, ಬರೆಯುವ ಹಕ್ಕು, ನಡೆಸುವ ಹಕ್ಕು. ಅವು ಮೂರು ತರದವರಿಗೆ ಹಂಚಿರುತ್ತವೆ: ಒಡೆಯನಿಗೆ, ಗುಂಪಿಗೆ, ಇತರರಿಗೆ. ಹಕ್ಕು ಇಲ್ಲದ ಕಡೆ ಒಂದು ಸಣ್ಣ ಗೆರೆ. ಸಾವಿರಾರು ವರ್ಷ ನಾವು ‘ಇತರರು’. ನಮ್ಮ ಮುಂದೆ ಮೂರೂ ಗೆರೆ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಮಹಾಡಿನ ಚೌದಾರ ಕೆರೆಗೆ ಇಳಿದು ನೀರು ಮುಟ್ಟಿದ್ದು ಆ ಗೆರೆ ಅಳಿಸಲಿಕ್ಕೇ. ಕೆರೆ ಸಾರ್ವಜನಿಕ ಅಂತ ಅದಕ್ಕೂ ಮೊದಲೇ ಕಾಗದದ ಮೇಲೆ ಠರಾವು ಆಗಿತ್ತು. ಇಳಿಯುವವರೆಗೂ ಅದು ನಮ್ಮದಾಗಿರಲಿಲ್ಲ. ಈ ತಂತ್ರಾಂಶವೂ ಎಲ್ಲರದ್ದು ಅಂತ ಕಾಗದದ ಮೇಲಿದೆ. ಇಳಿಯಬೇಕಾದವರು ನಾವು.

ಕೊನೆಗೆ ಒಂದು ಸಣ್ಣ ಕೆಲಸ ಮಾಡಿದೆವು. ದೇವದುರ್ಗದ ಯಂತ್ರದಲ್ಲಿ ಅಧಿಕಾರ ಇದ್ದದ್ದು ಶಿಕ್ಷಕ ಗೆಳೆಯನ ಹೆಸರಿಗೆ ಮಾತ್ರ. ಅವನು ಊರಲ್ಲಿಲ್ಲದಾಗ ಅಕ್ಕ ಅವನ ಗುಪ್ತಪದಕ್ಕೆ ಕಾಯಬೇಕಿತ್ತು. ಅಂದರೆ ನಾವೂ ಒಂದು ಅಂಗಡಿ ಇಟ್ಟುಕೊಂಡಂತಾಗಿತ್ತು! ಒಂದು ಭಾನುವಾರ ಅಕ್ಕನ ಹೆಸರಿನ ಖಾತೆ ಮಾಡಿ, ‘ಸುಡೊ ಯೂಸರ್‌ಮಾಡ್ ಹೈಫನ್ ಎಜಿ ಸುಡೊ’ ಅಂದು ಮುಂದೆ ಅವಳ ಹೆಸರು ಬರೆದೆವು. ಇದರಲ್ಲಿ ‘ಎ’ ಸಣ್ಣಕ್ಷರ, ‘ಜಿ’ ಮಾತ್ರ ದೊಡ್ಡಕ್ಷರ. ಹೊರಗೆ ಬಂದು ಮತ್ತೆ ಒಳಗೆ ಹೋದ ಮೇಲೆ ಅಧಿಕಾರ ಸಿಗುತ್ತದೆ. ಅಕ್ಕ ತನ್ನ ಗುಪ್ತಪದ ತಾನೇ ಬರೆದಳು. ನಾವು ಮುಖ ಆ ಕಡೆ ತಿರುಗಿಸಿದ್ದೆವು.

ಗೆಳೆಯರೇ, ನಿಮ್ಮ ಮನೆಗಳಲ್ಲೂ ಇಂಥ ಟ್ರಂಕುಗಳಿರಬಹುದು. ಗೆದ್ದಲು ಕಾಯುವುದಿಲ್ಲ. ಹೊತ್ತು ತನ್ನಿರಿ, ಅಥವಾ ನಾವೇ ಪೆನ್‌ಡ್ರೈವ್ ಹಿಡಿದು ಬರುತ್ತೇವೆ. ದುಡ್ಡು ಬೇಡ. ಒಂದೇ ಕರಾರು: ನಾವು ಹಾಕಿಕೊಟ್ಟು ಹೋಗುವುದಿಲ್ಲ. ನಿಮ್ಮ ಮನೆಯ ಅಕ್ಕನೋ ತಂಗಿಯೋ ಕೀಲಿಮಣೆಯ ಮುಂದೆ ಕೂತಿರಬೇಕು, ಗುಪ್ತಪದ ಅವಳೇ ಇಡಬೇಕು.